ಜೋಸಾಯಾ ವೆಜ್‌ವುಡ್: ತಿಗುರಿ ತುಳಿಯಲಾಗದ ಕುಂಬಾರ

ಪ್ಲೇಸ್‌ಮೆಂಟ್ ಆದ ಸೀನಿಯರ್‌ಗಳ ಬಾಂಡ್ ಓದಿದ್ದೀರಾ? ಇಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ದಂಡ, ಕಂಪನಿಯ ಗುಟ್ಟು ಹೊರಗೆ ಹೇಳುವಂತಿಲ್ಲ. ಓದಿದರೆ ತಲೆ ತಿರುಗುತ್ತೆ. ಆದರೆ 1744ರ ನವೆಂಬರ್ 11ರಂದು ಇಂಗ್ಲೆಂಡಿನ ಬರ್ಸ್‌ಲೆಮ್ ಊರಿನಲ್ಲಿ 14 ವರ್ಷದ ಹುಡುಗನೊಬ್ಬ ಒಪ್ಪಿಕೊಂಡ ಬಾಂಡ್ ಮುಂದೆ ಇದೆಲ್ಲ ಏನೂ ಅಲ್ಲ. ಐದು ವರ್ಷ ಸಂಬಳವಿಲ್ಲ. ಊಟ, ವಸತಿ, ಬಟ್ಟೆ ಮಾತ್ರ ಯಜಮಾನನದು. ಇಸ್ಪೀಟು, ಜೂಜು ಆಡುವಂತಿಲ್ಲ, ಹೆಂಡದಂಗಡಿಗೆ ಹೋಗುವಂತಿಲ್ಲ, ಮದುವೆಯಾಗುವಂತಿಲ್ಲ. ಯಜಮಾನನ ಗುಟ್ಟು ಕಾಪಾಡಬೇಕು. ಇಷ್ಟಕ್ಕೆ ಬದಲಾಗಿ ಅವನಿಗೆ ಸಿಗುವುದು ಒಂದು ವಿದ್ಯೆ: ತಿಗುರಿಯ ಮೇಲೆ ಮಡಕೆ ಎತ್ತುವುದು ಮತ್ತು ಅದಕ್ಕೆ ಹಿಡಿ ಕೂರಿಸುವುದು.

ಹುಡುಗನ ಹೆಸರು ಜೋಸಾಯಾ ವೆಜ್‌ವುಡ್. ಯಜಮಾನ ಬೇರೆ ಯಾರೂ ಅಲ್ಲ, ಅವನ ಸ್ವಂತ ಹಿರಿಯಣ್ಣ ಥಾಮಸ್. ಈ ಬಾಂಡ್‌ನಲ್ಲಿ ಬರೆಯದೇ ಬಿಟ್ಟ ಸಂಗತಿ ಒಂದಿತ್ತು. ಹುಡುಗನ ಬಲಗಾಲಿನ ಮಂಡಿ ಸರಿಯಿರಲಿಲ್ಲ.

ವೆಜ್‌ವುಡ್ ಅಂದರೆ ಇವತ್ತಿಗೂ ನೀಲಿ ಬಣ್ಣದ ಮೇಲೆ ಬಿಳಿ ಚಿತ್ರ ಇರುವ ಪಿಂಗಾಣಿಯ ಬ್ರ್ಯಾಂಡ್ ಎಂದು ಜಗತ್ತಿಗೆ ಗೊತ್ತು. ಆ ಹೆಸರಿನ ಹಿಂದಿರುವ ಮನುಷ್ಯ ಹುಟ್ಟಿದ್ದು 1730ರಲ್ಲಿ, ಸ್ಟಾಫರ್ಡ್‌ಶೈರ್‌ನ ಕುಂಬಾರರ ಮನೆಯಲ್ಲಿ, ದೊಡ್ಡ ಸಂಸಾರದ ಕಟ್ಟಕಡೆಯ ಮಗುವಾಗಿ. ಊರಲ್ಲಿ ಮಣ್ಣು ಇತ್ತು, ಕಲ್ಲಿದ್ದಲು ಇತ್ತು, ಹಾಗಾಗಿ ಬೀದಿ ಬೀದಿಗೂ ಭಟ್ಟಿ ಇತ್ತು. 1739ರಲ್ಲಿ ಅಪ್ಪ ತೀರಿಕೊಂಡರು. ಭಟ್ಟಿ ಹಿರಿಯ ಮಗನಿಗೆ ಹೋಯಿತು. ಒಂಬತ್ತು ವರ್ಷದ ಜೋಸಾಯಾನ ಶಾಲೆ ಅಲ್ಲಿಗೆ ಮುಗಿಯಿತು, ಕೈಗೆ ಮಣ್ಣು ಬಂತು.

ಕೆಲವೇ ವರ್ಷಗಳಲ್ಲಿ ಊರಿಗೆ ಸಿಡುಬು ಬಂತು. ಆಗ ಲಸಿಕೆ ಇರಲಿಲ್ಲ. ಜೆನ್ನರ್ ಅದನ್ನು ಪ್ರಯೋಗಿಸಿದ್ದು 1796ರಲ್ಲಿ. ಜೋಸಾಯಾ ಬದುಕಿಕೊಂಡ, ಆದರೆ ರೋಗ ಬಲಮಂಡಿಯಲ್ಲಿ ಕೂತುಬಿಟ್ಟಿತು. ನೋವು ಹೋಗಲಿಲ್ಲ. ಎಷ್ಟೋ ದಿನ ಕಾಲನ್ನು ಎದುರಿಗೆ ಒಂದು ಸ್ಟೂಲಿನ ಮೇಲೆ ಚಾಚಿಕೊಂಡೇ ಕೂರಬೇಕಾಗುತ್ತಿತ್ತು. ಇಂಥ ಕಾಲು ಇಟ್ಟುಕೊಂಡೇ ಅವನು ಅಪ್ರೆಂಟಿಸ್ ಆದದ್ದು.

ಇಲ್ಲಿ ಸ್ವಲ್ಪ ಮೆಕ್ಯಾನಿಕಲ್ ವಿಷಯ ನೋಡೋಣ. ಮಡಕೆ ಎತ್ತುವುದರಲ್ಲಿ ಎರಡು ಕೆಲಸ ಇದೆ. ಒಂದು, ಚಕ್ರಕ್ಕೆ ಟಾರ್ಕ್ ಕೊಟ್ಟು ತಿರುಗಿಸುವುದು. ಇನ್ನೊಂದು, ತಿರುಗುವ ಮಣ್ಣಿಗೆ ಕೈಯಿಂದ ಆಕಾರ ಕೊಡುವುದು. ಮೊದಲನೆಯದಕ್ಕೆ ಬೇಕಾದದ್ದು ಬಲ, ಎರಡನೆಯದಕ್ಕೆ ವಿದ್ಯೆ. ಕಾಲಿನಿಂದ ತುಳಿಯುವ ತಿಗುರಿಯಲ್ಲಿ ಎರಡನ್ನೂ ಒಬ್ಬನೇ ಮಾಡುತ್ತಾನೆ, ಹಾಗಾಗಿ ಎರಡೂ ಒಂದೇ ಕೆಲಸ ಅಂತ ನಮಗೆ ಅನಿಸುತ್ತೆ. ಜೋಸಾಯಾನಿಗೆ ಕೈ ಇತ್ತು, ಕಣ್ಣಿತ್ತು, ತಲೆಯಿತ್ತು. ಇಲ್ಲದಿದ್ದದ್ದು ತುಳಿಯುವ ಕಾಲು ಒಂದೇ.

ತಿಗುರಿಯ ಮುಂದೆ ಹೆಚ್ಚು ಹೊತ್ತು ಕೂರಲು ಆಗದಿದ್ದಾಗ ಅವನು ಅದೇ ಭಟ್ಟಿಯ ಉಳಿದ ಕೆಲಸಗಳ ಕಡೆ ತಿರುಗಿದ. ಅಚ್ಚು ಮಾಡುವುದು, ಹೂಬಳ್ಳಿ ಕೂರಿಸುವುದು, ಬೇರೆ ಬೇರೆ ಮಣ್ಣು ಬೆರೆಸುವುದು, ಮೇಲೆ ಬಳಿಯುವ ಗ್ಲೇಜ್‌ಗೆ ಏನು ಹಾಕಿದರೆ ಏನಾಗುತ್ತೆ ಅಂತ ನೋಡುವುದು. ಆ ಕಾಲದ ಕುಂಬಾರರಿಗೆ ಇವೆಲ್ಲ ಸೈಡ್ ಕೆಲಸ. ಇವನಿಗೆ ಇದೇ ಮೇಜರ್ ಸಬ್ಜೆಕ್ಟ್ ಆಯಿತು.

ಐದು ವರ್ಷ ಕಳೆದು 1749ರಲ್ಲಿ ಅಪ್ರೆಂಟಿಸ್‌ಶಿಪ್ ಮುಗಿಯಿತು. ಇನ್ನೂ ಮೂರು ವರ್ಷ ಅಣ್ಣನ ಹತ್ತಿರವೇ ಕೂಲಿಗೆ ದುಡಿದ. ಪಾಲುದಾರನಾಗಿ ಸೇರಿಸಿಕೊಳ್ಳುವ ಮಾತು ಬಂದಾಗ ಅಣ್ಣ ಒಪ್ಪಲಿಲ್ಲ. ಕುಂಟು ತಮ್ಮ, ಅದರ ಮೇಲೆ ಸದಾ ಏನೋ ಒಂದು ಪ್ರಯೋಗ. ಲೆಕ್ಕಾಚಾರದ ಮನುಷ್ಯನಾದ ಥಾಮಸ್‌ಗೆ ಅದು ಲಾಭದ ವ್ಯವಹಾರ ಅನಿಸಿರಲಿಕ್ಕಿಲ್ಲ. ಇದರಲ್ಲಿ ಕೆಟ್ಟತನಕ್ಕಿಂತ ಅಭ್ಯಾಸಬಲವೇ ಹೆಚ್ಚು. ಕುಂಬಾರ ಅಂದರೆ ತಿಗುರಿ ತುಳಿಯುವವನು ಅಂತ ಊರೆಲ್ಲ ನಂಬಿತ್ತು, ಅಣ್ಣನೂ ನಂಬಿದ್ದ.

1752ರಲ್ಲಿ ಜೋಸಾಯಾ ಮನೆಯ ಭಟ್ಟಿ ಬಿಟ್ಟ. ಎರಡು ವರ್ಷ ಬೇರೆ ಕಡೆ ಪಾಲುದಾರಿಕೆಯಲ್ಲಿದ್ದು, 1754ರಲ್ಲಿ ಥಾಮಸ್ ವೀಲ್ಡನ್ ಎಂಬಾತನ ಜೊತೆ ಸೇರಿದ. ವೀಲ್ಡನ್ ಆ ಸೀಮೆಯಲ್ಲೇ ಹೆಸರಾದ ಕುಂಬಾರ. ಅವನು ಈ ಯುವಕನಲ್ಲಿ ಕುಂಟುವ ಕಾಲಿಗಿಂತ ಗ್ಲೇಜ್ ಬಲ್ಲ ತಲೆಯನ್ನು ನೋಡಿದ, ಪ್ರಯೋಗ ಮಾಡಲು ಬಿಟ್ಟ. 1759ರಲ್ಲಿ ವೆಜ್‌ವುಡ್ ಒಂದು ಪ್ರಯೋಗದ ಪುಸ್ತಕ ಶುರುಮಾಡಿದ. ನಮ್ಮ ಲ್ಯಾಬ್ ರೆಕಾರ್ಡ್ ಇದ್ದ ಹಾಗೆ, ಆದರೆ ಪಕ್ಕದ ಬೆಂಚಿನವರಿಂದ ಕಾಪಿ ಹೊಡೆಯದೇ ಬರೆದದ್ದು. ಪ್ರತಿ ಪ್ರಯೋಗಕ್ಕೂ ನಂಬರ್. ಯಾವ ಪದಾರ್ಥ ಎಷ್ಟು, ಭಟ್ಟಿಯಲ್ಲಿ ಎಲ್ಲಿಟ್ಟದ್ದು, ಫಲ ಏನು, ಎಲ್ಲ ದಾಖಲೆ. ಕೆಟ್ಟು ಹೋದದ್ದನ್ನೂ ಬರೆದಿಟ್ಟ. 7ನೇ ನಂಬರಿನ ಪ್ರಯೋಗ ಹೊಳೆಯುವ ಹಸಿರು ಗ್ಲೇಜ್. ಕೋಸಿನ ಎಲೆಯ ಆಕಾರದ ಪಾತ್ರೆಗಳಿಗೆ ಆ ಹಸಿರು ಹಚ್ಚಿ ಮಾರಿದ.

ಅದೇ 1759ರಲ್ಲಿ ಬರ್ಸ್‌ಲೆಮ್‌ಗೆ ವಾಪಸ್ಸು ಬಂದು ಬಾಡಿಗೆಯ ಜಾಗದಲ್ಲಿ ಸ್ವಂತ ಕೆಲಸ ಆರಂಭಿಸಿದ. ಕೆನೆಬಣ್ಣದ, ತೆಳುವಾದ, ಬಿಸಿ ಟೀ ಸುರಿದರೂ ಬಿರಿಯದ ಪಾತ್ರೆಗಳನ್ನು ಹದಕ್ಕೆ ತಂದ. 1765ರಲ್ಲಿ ರಾಣಿ ಶಾರ್ಲಟ್‌ಗೆ ಟೀ ಸೆಟ್ ಮಾಡಿಕೊಟ್ಟ. ಅದಕ್ಕೆ ಕ್ವೀನ್ಸ್ ವೇರ್ ಎಂದು ಹೆಸರಿಟ್ಟು ಮಾರಿದ. ಮಾರ್ಕೆಟಿಂಗ್ ಏನು ಅಂತ ಎಂಬಿಎ ಹುಟ್ಟುವ ಮುಂಚೆಯೇ ಈತನಿಗೆ ಗೊತ್ತಿತ್ತು. ಕಚ್ಚಾ ರಸ್ತೆಯಲ್ಲಿ ಕುದುರೆ ಮೇಲೆ ಸಾಗಿಸಿದರೆ ಅರ್ಧ ಮಾಲು ದಾರಿಯಲ್ಲೇ ಪುಡಿ ಎಂದು ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಸೇರಿಸುವ ಕಾಲುವೆಗಾಗಿ ಓಡಾಡಿದ. 1766ರಲ್ಲಿ ಅದರ ಮೊದಲ ಗುದ್ದಲಿ ಹಾಕಿದವನೂ ಅವನೇ. ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಆರಂಭಿಸಿದ ಆ ಕಾಲುವೆ 1777ರಲ್ಲಿ ಪೂರ್ತಿಯಾಯಿತು.

ಇಷ್ಟೆಲ್ಲ ಆಗುವಾಗ ಮಂಡಿ ಸುಮ್ಮನಿರಲಿಲ್ಲ. 1762ರಲ್ಲಿ ಲಿವರ್‌ಪೂಲ್‌ಗೆ ಹೋಗುವ ದಾರಿಯಲ್ಲಿ ಅದೇ ಮಂಡಿಗೆ ಮತ್ತೆ ಪೆಟ್ಟಾಗಿ ವಾರಗಟ್ಟಲೆ ಹಾಸಿಗೆ ಹಿಡಿದ. ನೋಡಿಕೊಳ್ಳುತ್ತಿದ್ದ ವೈದ್ಯ, ಬೇಜಾರು ಕಳೆಯಲಿ ಎಂದು ತನ್ನ ಸ್ನೇಹಿತ ಥಾಮಸ್ ಬೆಂಟ್ಲಿಯನ್ನು ಪರಿಚಯ ಮಾಡಿಸಿದ. ಬೆಂಟ್ಲಿ ಓದಿಕೊಂಡ ವ್ಯಾಪಾರಿ, ಕಲೆ ಬಲ್ಲವನು. ಹಾಸಿಗೆಯ ಪಕ್ಕ ಶುರುವಾದ ಈ ಸ್ನೇಹ ಮುಂದೆ ಪಾಲುದಾರಿಕೆಯಾಗಿ, 1780ರಲ್ಲಿ ಬೆಂಟ್ಲಿ ಸಾಯುವವರೆಗೂ ನಡೆಯಿತು.

ಕೊನೆಗೆ ಕಾಲು ಉಳಿಯುವುದಿಲ್ಲ, ಇಟ್ಟುಕೊಂಡರೆ ಮನುಷ್ಯನೇ ಉಳಿಯುವುದಿಲ್ಲ ಎಂಬಲ್ಲಿಗೆ ಬಂತು. 1768ರ ಮೇ 28ರಂದು ವೈದ್ಯರು ಬಲಗಾಲನ್ನು ಕತ್ತರಿಸಿದರು. ಈಥರ್ ಕೊಟ್ಟು ಎಚ್ಚರ ತಪ್ಪಿಸುವ ಪದ್ಧತಿ ಬರಲು ಇನ್ನೂ 78 ವರ್ಷ ಬಾಕಿ ಇತ್ತು. ವೆಜ್‌ವುಡ್ ಎಚ್ಚರವಾಗಿಯೇ ಇದ್ದ. ಅದೇ ದಿನ ಅವನ ಗುಮಾಸ್ತ ಲಂಡನ್ನಿಗೆ ಕಳಿಸಿದ ಮಾಲಿನ ಲೆಕ್ಕಪತ್ರದ ಜೊತೆಗೇ ಯಜಮಾನರ ಕಾಲು ತೆಗೆದರು ಎಂಬ ಸುದ್ದಿಯನ್ನೂ ಬರೆದು ಹಾಕಿದ. ಅಂದರೆ ಕಾಲು ಹೋದ ದಿನವೂ ಡಿಸ್ಪ್ಯಾಚ್ ನಿಲ್ಲಲಿಲ್ಲ! ವೆಜ್‌ವುಡ್ ಆಮೇಲೆ ಆ ತಾರೀಖನ್ನು ಸಂತರ ಹಬ್ಬದ ಹಾಗೆ ತಮಾಷೆಯ ಹೆಸರಿಟ್ಟು ನೆನೆಯುತ್ತಿದ್ದ. ಮರದ ಕಾಲು ಕಟ್ಟಿಕೊಂಡು ಎದ್ದು ಓಡಾಡಿದ.

ಒಂದು ವರ್ಷ ಕಳೆದು, 1769ರ ಜೂನ್ 13. ಕಾಲುವೆ ಹಾದುಹೋಗುವ ಜಾಗದಲ್ಲೇ ಕಟ್ಟಿಸಿದ ಹೊಸ ಕಾರ್ಖಾನೆ ಎಟ್ರೂರಿಯಾ ಅವತ್ತು ಆರಂಭ. ಮೊದಲ ದಿನದ ಗುರುತಿಗೆ ಆರು ಹೂದಾನಿ ಮಾಡಬೇಕು ಎಂದಾಯಿತು. ಮಾಡುವವರು ಯಾರು? ಒಂಟಿಕಾಲಿನ ಯಜಮಾನನೇ ತಿಗುರಿಯ ಮುಂದೆ ಕೂತ. ಚಕ್ರ ತಿರುಗಿಸಿದ್ದು ಬೆಂಟ್ಲಿ. ಒಬ್ಬ ಟಾರ್ಕ್ ಕೊಟ್ಟ, ಇನ್ನೊಬ್ಬ ಆಕಾರ ಕೊಟ್ಟ. ಆರೂ ಹೂದಾನಿ ಎದ್ದು ನಿಂತವು.

ಇಷ್ಟು ಸರಳವಾಗಿತ್ತು ನೋಡಿ ಉಪಾಯ. ಚಕ್ರವನ್ನು ಬೇರೊಬ್ಬರು ತಿರುಗಿಸಬಹುದು ಎಂಬುದು ಆಗ ಕಂಡುಹಿಡಿದದ್ದೇನೂ ಅಲ್ಲ, ಸಹಾಯಕರು ತಿರುಗಿಸುವ ತಿಗುರಿಗಳು ಮೊದಲಿಂದಲೂ ಇದ್ದವು. ಅಣ್ಣನ ಭಟ್ಟಿಯಲ್ಲಿ ಬೇಡವಾದ ಕುಂಬಾರ ತನ್ನದೇ ಭಟ್ಟಿಯಲ್ಲಿ ಬೇಕಾದವನಾದ. ಕುಂಬಾರ ಅವನೇ. ಬೇರೆಯಾಗಿದ್ದು ಕೆಲಸ ಹಂಚಿದ ರೀತಿ.

ಎಟ್ರೂರಿಯಾದಲ್ಲಿ ಅವನು ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದ. ಒಬ್ಬನೇ ಎಲ್ಲ ಮಾಡುವ ಹಳೆಯ ಪದ್ಧತಿ ಬಿಟ್ಟು ಕೆಲಸವನ್ನು ತುಂಡು ತುಂಡು ಮಾಡಿ, ಒಂದೊಂದಕ್ಕೆ ಒಬ್ಬೊಬ್ಬರನ್ನು ತಯಾರು ಮಾಡಿದ. ಬೇಕಾದ ಕುಶಲಿಗಳು ಸಿಗದಿದ್ದಾಗ ತಾನೇ ಕಲಿಸಿದ. 1790ರಲ್ಲಿ ಅಲ್ಲಿ ಇದ್ದ 278 ಜನರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅಪ್ರೆಂಟಿಸ್‌ಗಳು, ಅವರಲ್ಲಿ ಹುಡುಗಿಯರೂ ಬಹಳ ಇದ್ದರು.

ಹಾಗಂತ ಅವನನ್ನು ದೇವರ ಗೂಡಲ್ಲಿ ಕೂರಿಸೋದು ಬೇಡ. ಆ 278 ಜನರಲ್ಲಿ ಮಕ್ಕಳೂ ಇದ್ದರು. ಬೆಳಗ್ಗೆ ಗಂಟೆ ಹೊಡೆದ ಮೇಲೆ ಬಂದವರ ಲೆಕ್ಕ ಇಡುತ್ತಿದ್ದರು, ತಪ್ಪಿಗೆ ದಂಡ ಇತ್ತು. ಭಟ್ಟಿಯ ಊರುಗಳ ಚಕಮಕಿ ಕಲ್ಲಿನ ಧೂಳು ಕೆಲಸಗಾರರ ಶ್ವಾಸಕೋಶ ತಿಂದಿತು, ಗ್ಲೇಜಿನ ಸೀಸ ನರಗಳನ್ನು ತಿಂದಿತು. ಅಂಗವೈಕಲ್ಯ ಇರುವವನೊಬ್ಬ ಮೇಲೆ ಬಂದ ಅದೇ ಉದ್ಯಮ, ಆರೋಗ್ಯವಾಗಿ ಒಳಗೆ ಹೋದ ಎಷ್ಟೋ ಜನರನ್ನು ಅಂಗವಿಕಲರನ್ನಾಗಿ ಹೊರಗೆ ಕಳಿಸಿತು. ಇದನ್ನೂ ಬರೆಯದಿದ್ದರೆ ಕಥೆ ಅರ್ಧವೇ.

ಒಂದು ದಂತಕಥೆಯೂ ಇದೆ. ಕಾರ್ಖಾನೆಯಲ್ಲಿ ನಡೆಯುವಾಗ ಸರಿಯಿಲ್ಲದ ಪಾತ್ರೆ ಕಂಡರೆ ತನ್ನ ಮರದ ಕಾಲಿನಿಂದಲೇ ಒಡೆದು ಹಾಕುತ್ತಿದ್ದನಂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತೀವಲ್ಲ, ಇಲ್ಲಿ ಕುಂಬಾರನೂ ಅವನೇ, ದೊಣ್ಣೆಯೂ ಅವನದೇ ಕಾಲು! ನಿಜವೋ ಸುಳ್ಳೋ, ಕ್ವಾಲಿಟಿ ಕಂಟ್ರೋಲ್ ಕ್ಲಾಸಿಗೆ ಒಳ್ಳೆ ಉದಾಹರಣೆ.

ನಮಗೆ ಹೆಚ್ಚು ಇಷ್ಟವಾಗಬೇಕಾದ ಕೆಲಸ ಇನ್ನೊಂದಿದೆ. ಭಟ್ಟಿಯ ಒಳಗಿನ ಬಿಸಿ ಎಷ್ಟು ಎಂದು ಅಳೆಯಲು ಆಗ ದಾರಿಯೇ ಇರಲಿಲ್ಲ. ಪಾದರಸದ ಥರ್ಮಾಮೀಟರ್ ಆ ಶಾಖದಲ್ಲಿ ಉಳಿಯಲ್ಲ. ಬೆಂಕಿಯ ಬಣ್ಣ ನೋಡಿ ಅಂದಾಜು ಮಾಡುತ್ತಿದ್ದರು, ಅಂದಾಜು ತಪ್ಪಿದರೆ ಇಡೀ ಭಟ್ಟಿ ಹಾಳು. ಜಾಸ್ಪರ್ ಎಂಬ ಹೊಸ ಪದಾರ್ಥಕ್ಕಾಗಿ ಸಾವಿರಾರು ಪ್ರಯೋಗ ಮಾಡಿ 1770ರ ದಶಕದ ನಡುವೆ ಗೆದ್ದವನಿಗೆ ಈ ಕಷ್ಟ ಚೆನ್ನಾಗಿ ಗೊತ್ತಿತ್ತು. ಜೇಡಿಮಣ್ಣು ಸುಟ್ಟಷ್ಟೂ ಕುಗ್ಗುತ್ತೆ, ತಣ್ಣಗಾದ ಮೇಲೂ ಹಾಗೇ ಉಳಿಯುತ್ತೆ. ಅದನ್ನೇ ಹಿಡಿದು ಒಂದೇ ಅಳತೆಯ ಪುಟ್ಟ ಮಣ್ಣಿನ ತುಂಡುಗಳನ್ನು ಭಟ್ಟಿಯಲ್ಲಿಟ್ಟು ಹೊರತೆಗೆದ. ಹೋಗುತ್ತಾ ಹೋಗುತ್ತಾ ಕಿರಿದಾಗುವ ಎರಡು ಪಟ್ಟಿಗಳ ನಡುವೆ ತುಂಡನ್ನು ಜಾರಿಸಿ, ಅದು ಎಲ್ಲಿ ಸಿಕ್ಕಿಕೊಳ್ಳುತ್ತೋ ಆ ಗುರುತು ಓದಿದ. ಇದೇ ಅವನ ಪೈರೋಮೀಟರ್. 1782ರಲ್ಲಿ ಇದರ ಪ್ರಬಂಧ ರಾಯಲ್ ಸೊಸೈಟಿಯ ಮುಂದೆ ಬಂತು, 1783ರಲ್ಲಿ ಅವನು ಅದರ ಫೆಲೋ ಆದ. ಅವನು ಲೆಕ್ಕ ಹಾಕಿದ ಉಷ್ಣತೆಗಳು ನಿಜಕ್ಕಿಂತ ಬಹಳ ಹೆಚ್ಚು ಎಂದು ಮುಂದೆ ಗೊತ್ತಾಯಿತು. ಆದರೆ ಒಂದು ಭಟ್ಟಿಯನ್ನು ಇನ್ನೊಂದರ ಜೊತೆ ನಂಬರ್ ಇಟ್ಟು ಹೋಲಿಸಲು ಅದು ಸಾಕಾಗಿತ್ತು. ಒಂಬತ್ತಕ್ಕೆ ಶಾಲೆ ಬಿಟ್ಟವನ ಮಟ್ಟಿಗೆ ಕಡಿಮೆ ಸಾಧನೆಯಲ್ಲ.

1787ರಲ್ಲಿ ಗುಲಾಮಗಿರಿಯ ವಿರುದ್ಧದ ಚಳವಳಿಗಾಗಿ, ಸಂಕೋಲೆ ತೊಟ್ಟು ಮಂಡಿಯೂರಿದ ಆಫ್ರಿಕನ್ ಮನುಷ್ಯನ ಪದಕಗಳನ್ನು ಇದೇ ಜಾಸ್ಪರ್‌ನಲ್ಲಿ ಮಾಡಿ ದುಡ್ಡಿಲ್ಲದೆ ಹಂಚಿದ. 1795ರ ಜನವರಿ 3ರಂದು ಎಟ್ರೂರಿಯಾದಲ್ಲೇ ತೀರಿಕೊಂಡ. ಮಗಳು ಸುಸಾನ್ನಾಳ ಮಗ ಚಾರ್ಲ್ಸ್ ಡಾರ್ವಿನ್ ಅಜ್ಜನನ್ನು ನೋಡಲಿಲ್ಲ. ಹುಟ್ಟಿದ್ದೇ 1809ರಲ್ಲಿ.

ಈಗ ನಮ್ಮ ದೇಶದಲ್ಲಿ 1961ರ ಅಪ್ರೆಂಟಿಸ್ ಕಾಯ್ದೆ ಇದೆ, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯೂ ಇದೆ. ಎರಡನೆಯದು ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ 4% ಮೀಸಲಾತಿ ಕೊಡುತ್ತೆ. ವ್ಯಕ್ತಿಗೆ ತಕ್ಕಂತೆ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕು ಎಂದೂ ಹೇಳುತ್ತೆ. ಹೊಂದಾಣಿಕೆ ಅಂದರೆ ದೊಡ್ಡ ಖರ್ಚು ಅಂತ ಎಷ್ಟೋ ಕಡೆ ಹೆದರುತ್ತಾರೆ. 1769ರಲ್ಲಿ ಅದಕ್ಕೆ ಬೇಕಾಗಿದ್ದು ಚಕ್ರ ತಿರುಗಿಸಲು ಒಪ್ಪಿದ ಒಬ್ಬ ಗೆಳೆಯ ಅಷ್ಟೇ.

ನಾಳೆ ನಮ್ಮಲ್ಲೇ ಯಾರೋ ಟೀಮ್ ಲೀಡ್ ಆಗ್ತೀವಿ, ಟ್ರೈನಿ ಆಯ್ಕೆ ಮಾಡುವ ಪ್ಯಾನೆಲ್‌ನಲ್ಲಿ ಕೂರ್ತೀವಿ. ಊರುಗೋಲು ಹಿಡಿದು ಬಂದವರನ್ನು ನೋಡಿ ಈ ಕೆಲಸ ಇವರಿಂದ ಆಗಲ್ಲ ಅಂತ ತಲೆಯಲ್ಲಿ ಬಂದರೆ, ಒಂದು ನಿಮಿಷ ತಡೆದು ಆ ಕೆಲಸವನ್ನು ಬಿಡಿಸಿ ನೋಡೋಣ. ಅದರಲ್ಲಿ ವಿದ್ಯೆ ಯಾವುದು, ಬರೀ ಚಕ್ರ ತಿರುಗಿಸುವುದು ಯಾವುದು? ಫ್ರೀ ಬಾಡಿ ಡಯಾಗ್ರಾಮ್ ಬರೆದು ಬರೆದು ಬಿಡಿಸಿ ನೋಡುವುದನ್ನೇ ಅಲ್ಲವೇ ನಾವು ನಾಲ್ಕು ವರ್ಷ ಕಲಿಯೋದು.