ಸೆರೆಸಿಕ್ಕರೂ ಸೋಲದ ಸುಬೇದಾರ್ ಜೋಗಿಂದರ್ ಸಿಂಗ್



ಕಬಡ್ಡಿಯಲ್ಲಿ ಎದುರಾಳಿಗಳ ಕೈಗೆ ಸಿಕ್ಕವನು ಔಟ್. ಯುದ್ಧದಲ್ಲೂ ಹಾಗೇ, ಸೆರೆಸಿಕ್ಕವನು ಸೋತವನು ಅಂತ ತುಂಬಾ ಜನ ತಿಳಿದಿದ್ದಾರೆ. ಸುಬೇದಾರ್ ಜೋಗಿಂದರ್ ಸಿಂಗ್ ಅವರ ಕತೆ ಕೇಳಿದರೆ ಅದು ನಿಜವಲ್ಲ ಅಂತ ಗೊತ್ತಾಗುತ್ತೆ.

ಇವರು 1921ರಲ್ಲಿ ಪಂಜಾಬಿನ ಮೋಗಾ ಹತ್ತಿರದ ಮಾಹ್ಲಾ ಕಲಾಂ ಎಂಬ ಹಳ್ಳಿಯಲ್ಲಿ ಜನಿಸಿದರು. ಒಕ್ಕಲುತನದ ಮನೆ, ಬಡತನ ಬೇರೆ. ಓದು ಅರ್ಧಕ್ಕೇ ನಿಂತಿತು. 1936ರಲ್ಲಿ, ಬರೀ 15 ವರ್ಷದವರಿದ್ದಾಗ, ಸಿಖ್ ರೆಜಿಮೆಂಟ್ ಸೇರಿದರು. ಆದರೂ ಓದಿನ ಆಸೆ ಬಿಡಲಿಲ್ಲ ನೋಡಿ! ಸೈನ್ಯದ ಪರೀಕ್ಷೆಗಳನ್ನು ಪಾಸು ಮಾಡಿ, ತಮ್ಮ ಪಡೆಯ ಸಿಪಾಯಿಗಳಿಗೆ ಪಾಠ ಹೇಳುವ ಮೇಷ್ಟ್ರಾದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿಯೂ 1947-48ರಲ್ಲಿ ಕಾಶ್ಮೀರದಲ್ಲಿಯೂ ಹೋರಾಡಿದರು.

1962ರಲ್ಲಿ ಚೀನಾ ನಮ್ಮ ಮೇಲೆ ಯುದ್ಧಕ್ಕೆ ಬಂತು. ಈಗಿನ ಅರುಣಾಚಲ ಪ್ರದೇಶದಲ್ಲಿರುವ ತವಾಂಗ್‌ಗೆ ನುಗ್ಗಲು ಅವರ ಸೈನ್ಯ ಬುಮ್ ಲಾ ದಾರಿ ಹಿಡಿಯಿತು. ಆ ದಾರಿಯ ಒಂದು ದಿಣ್ಣೆಯ ಮೇಲೆ ಜೋಗಿಂದರ್ ಸಿಂಗರ ಚಿಕ್ಕ ತುಕಡಿ ಕಾವಲಿತ್ತು. ಮೈ ಕೊರೆಯುವ ಚಳಿ. ಅಕ್ಟೋಬರ್ 23ರ ನಸುಕಿನಲ್ಲಿ ಸುಮಾರು 200 ಜನ ಚೀನೀ ಸೈನಿಕರು ಏರಿ ಬಂದರು. ನಮ್ಮವರು ಹೊಡೆದು ಹಿಮ್ಮೆಟ್ಟಿಸಿದರು. ಮತ್ತೆ 200 ಜನ ಬಂದರು. ಅವರಿಗೂ ಅದೇ ಗತಿ. ಅಷ್ಟರಲ್ಲಿ ತುಕಡಿಯ ಅರ್ಧ ಜನ ಇಲ್ಲವಾಗಿದ್ದರು. ಸುಬೇದಾರರ ತೊಡೆಗೂ ಗುಂಡು ಬಿದ್ದಿತ್ತು. ಹಿಂದಕ್ಕೆ ಸಾಗಿಸುತ್ತೇವೆ ಅಂದರೂ ಅವರು ಒಪ್ಪಲಿಲ್ಲ. ತಮ್ಮ ಹುಡುಗರನ್ನು ಬಿಟ್ಟು ಹೋಗೋದು ಹೇಗೆ?

ಮೂರನೇ ಸಲವೂ ಶತ್ರುಗಳು ಅಷ್ಟೇ ಜನ ಬಂದರು. ಸುಬೇದಾರರು ತಾವೇ ಮೆಷಿನ್ ಗನ್ ಹಿಡಿದು ಕೂತರು. ಕೊನೆಗೆ ಗುಂಡುಗಳೂ ಮುಗಿದುಹೋದವು. ಆಗ ಅವರೂ ಉಳಿದಿದ್ದ ನಾಲ್ಕಾರು ಜನರೂ ಬಂದೂಕಿನ ತುದಿಗೆ ಚೂರಿ ಸಿಕ್ಕಿಸಿ, ಜಯಘೋಷ ಮಾಡುತ್ತಾ ಶತ್ರುಗಳ ಮೇಲೇ ನುಗ್ಗಿದರು! ಹಲವರನ್ನು ಕೆಡವಿದ ಮೇಲೆ, ಗಾಯಗೊಂಡ ಅವರು ಸೆರೆಸಿಕ್ಕರು. ಅವರಾಗಿ ಕೈ ಎತ್ತಿದ್ದಲ್ಲ.

ಚೀನೀಯರ ಸೆರೆಯಲ್ಲೇ ಅವರು ತೀರಿಕೊಂಡರು. ಹೆಂಡತಿ ಮಕ್ಕಳಿಗೆ ಕೊನೆಯ ಸಲ ಮುಖ ನೋಡುವುದಕ್ಕೂ ಆಗಲಿಲ್ಲ. ನಮ್ಮ ಸರ್ಕಾರ ಮರಣೋತ್ತರವಾಗಿ ಪರಮವೀರ ಚಕ್ರ ನೀಡಿತು. 1963ರ ಮೇ 17ರಂದು ಚೀನೀಯರು ಅವರ ಚಿತಾಭಸ್ಮವನ್ನು ಪೂರ್ಣ ಸೈನಿಕ ಮರ್ಯಾದೆಯೊಂದಿಗೆ ಒಪ್ಪಿಸಿದರು. ಕೊಂದವರೇ ಗೌರವ ಕೊಟ್ಟ ಮೇಲೆ ಸೋತವರು ಯಾರು, ನೀವೇ ಹೇಳಿ!

2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೆ ಅವರ ಹೆಸರಿಟ್ಟಿದ್ದಾರೆ. ಗೆಳೆಯರೇ, ಯುದ್ಧದಲ್ಲಿ ಮಡಿದವರನ್ನು ನೆನೆಯುವಾಗ, ಮನೆಯವರಿಂದ ದೂರ, ಪರರ ಸೆರೆಯಲ್ಲಿ ಕಣ್ಣುಮುಚ್ಚಿದವರನ್ನೂ ಮರೆಯದಿರೋಣ.

ಜೈ ಹಿಂದ್!