ಕನ್ನಂಬಾಡಿಗೆ ಮುಂಚಿನ ವಿಶ್ವೇಶ್ವರಯ್ಯನವರು

ನಮ್ಮ ಕನ್ನಡಿಗರ ಹೋಟೆಲುಗಳಲ್ಲಿ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ, ದೇವರ ಪಟಗಳ ಸಾಲಿನ ಕೊನೆಯಲ್ಲಿ, ಮೈಸೂರು ಪೇಟ ಧರಿಸಿದ ವೃದ್ಧರೊಬ್ಬರ ಭಾವಚಿತ್ರವು ಕಾಣಸಿಗುವುದು ಅಪೂರ್ವವೇನಲ್ಲ. ಅವರು ಯಾರೆಂದು ಕೇಳಿದರೆ, ಕನ್ನಂಬಾಡಿ ಕಟ್ಟೆಯನ್ನು ಕಟ್ಟಿಸಿದವರೆಂದು ಮೇಜು ಒರೆಸುವ ಹುಡುಗನೂ ಹೇಳಬಲ್ಲನು. ಆದರೆ ಆ ಕಟ್ಟೆಗೆ ಬಹಳ ಮುಂಚೆಯೇ, ಊರವರಿಗೆ ಕುಡಿಯುವ ನೀರನ್ನು ಶುದ್ಧವಾಗಿ ಒದಗಿಸುವ ಕೆಲಸದಲ್ಲಿ ಆ ಮಹನೀಯರು ತಮ್ಮ ಪ್ರಾಯದ ಉತ್ತಮ ಭಾಗವನ್ನು ಸವೆಸಿದ್ದರೆಂಬುದನ್ನು ಬಲ್ಲವರು ವಿರಳ. ಕಾಮಾಲೆಯ ವಾರ್ತೆ ಮೇಲಿಂದ ಮೇಲೆ ಕೇಳಿಬರುವ ಈ ಕೊಚ್ಚಿಯಲ್ಲಿ ಕುಳಿತು ಆ ಕಥೆಯನ್ನೇ ವಾಚಕರ ಮುಂದಿಡಲು ನಾವು ಇಚ್ಛಿಸಿದ್ದೇವೆ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಅವರ ಜನ್ಮಸ್ಥಳ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಶ್ರಯ ದೊರೆಯಿತಾದರೂ ಕಾಲೇಜಿನ ಖರ್ಚಿಗಾಗಿ ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಬೇಕಾಯಿತು. ಅನಂತರ ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನದಿಂದ ಪುಣೆಗೆ ತೆರಳಿ, ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮಸ್ಥಾನದಲ್ಲಿ ಉತ್ತೀರ್ಣರಾಗಿ, 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಆ ಬಳಿಕ ಸುಮಾರು ಇಪ್ಪತ್ತೈದು ವರ್ಷಕಾಲ ಅವರ ಅನ್ನದ ಋಣವಿದ್ದುದು ಪರಪ್ರಾಂತದಲ್ಲಿಯೇ. ಊರು ಬಿಟ್ಟು ದುಡಿಯುವುದೆಂದರೇನೆಂಬುದು ನಮ್ಮಂತೆ ಅವರಿಗೂ ತಿಳಿದಿತ್ತು.

ಅದೇ 1884ರಲ್ಲಿ ಜರ್ಮನಿಯ ವೈದ್ಯ ರಾಬರ್ಟ್ ಕೋಖ್ ಕಲ್ಕತ್ತೆಯಲ್ಲಿ ಕಾಲರಾ ರೋಗದ ಕ್ರಿಮಿಯನ್ನು ಕೆರೆಯ ನೀರಿನಲ್ಲಿ ತೋರಿಸಿಕೊಟ್ಟರು. ಕಾಲರಾ ಬರುವುದು ದೇವಿಯ ಮುನಿಸಿನಿಂದಲ್ಲ, ಕೆಟ್ಟ ಗಾಳಿಯಿಂದಲೂ ಅಲ್ಲ, ಮಲ ಬೆರೆತ ನೀರಿನಿಂದ ಎಂಬ ಸಂಗತಿ ಆಗ ತಾನೇ ಸ್ಥಿರಪಡುತ್ತಿತ್ತು. ನಮ್ಮ ತರುಣ ಎಂಜಿನಿಯರರು ಕೆಲಸಕ್ಕೆ ಕಾಲಿಟ್ಟುದು ಇಂಥ ಸಂಧಿಕಾಲದಲ್ಲಿ.

ಹತ್ತು ವರ್ಷಗಳೊಳಗೆ ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣದ ಕರೆ ಬಂತು. ಇಂದು ಪಾಕಿಸ್ತಾನದಲ್ಲಿರುವ ಈ ಊರು ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. ಸಿಂಧೂ ನದಿ ಊರ ಪಕ್ಕದಲ್ಲೇ ಹರಿಯುತ್ತಿದ್ದರೂ ಅದರ ನೀರು ಮಣ್ಣುಗಲಸಿದ ಕೆಸರು ನೀರು. ಅದನ್ನು ಬಳಿಯ ಗುಡ್ಡದ ಮೇಲಕ್ಕೆ ಏರಿಸಿ, ಅಲ್ಲಿಂದ ಕೊಳಾಯಿಗಳ ಮೂಲಕ ಊರಿಗೆ ಹಂಚುವುದೆಂದು ಯೋಜನೆ ಸಿದ್ಧವಾಗಿತ್ತು. ಆದರೆ ಕೆಸರು ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಿಸಲು ಬಡ ಪುರಸಭೆಯಲ್ಲಿ ಹಣವಿರಲಿಲ್ಲ. ಹಣವಿಲ್ಲದಿದ್ದರೆ ಕೆಸರನ್ನೇ ಕುಡಿಸುವುದೇ? ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ದಡಕ್ಕೆ ಸಮೀಪವಾಗಿ ಒಂದು ಬಾವಿಯನ್ನು ತೋಡಿಸಿದರು. ನದಿಯ ನೀರು ಮರಳಿನ ಪದರಗಳಲ್ಲಿ ಇಳಿದು, ಜಿನುಗಿ, ತಿಳಿಯಾಗಿ ಬಾವಿಯನ್ನು ಸೇರಿತು. ಒರತೆ ಸಾಲದೆ ಬಂದಾಗ ಬಾವಿಯ ತಳದಿಂದ ನದಿಯ ಅಡಿಗೆ ಸುರಂಗವನ್ನು ಕೊರೆಯಿಸಿ ನೀರನ್ನು ಹೆಚ್ಚಿಸಿದರು. 1895ರಲ್ಲಿ ಕೆಲಸ ಪೂರೈಸಿತು. ಪುರಸಭೆ ಕಟ್ಟಲಾರದೆ ಹೋದ ಸೋಸುತೊಟ್ಟಿಯ ಕೆಲಸವನ್ನು ನದಿಯ ಮರಳೇ ಮಾಡಿಕೊಟ್ಟಿತು.

ಇಲ್ಲಿ ನಮ್ಮ ಊರಿನ ಮಾತೊಂದನ್ನು ಹೇಳಲೇಬೇಕು. ಫೋರ್ಟ್ ಕೊಚ್ಚಿಯೂ ಮರಳಿನ ಮೇಲೆಯೇ ನಿಂತ ಊರು. ಹಾಗಾದರೆ ನಮ್ಮ ಬಾವಿಯ ನೀರೂ ಮರಳಿನಲ್ಲಿ ಸೋಸಿ ಬಂದುದಲ್ಲವೇ ಎಂದು ಕೆಲವರು ವಾದಿಸುವುದುಂಟು. ಮರಳು ಕೆಸರನ್ನು ತಡೆಯುತ್ತದೆ, ನಿಜ. ಆದರೆ ಬಾವಿಯಿಂದ ನಾಲ್ಕು ಹೆಜ್ಜೆಯಲ್ಲಿ ಪಾಯಿಖಾನೆಯ ಗುಂಡಿ ಇದ್ದರೆ ಅದರ ರಸವನ್ನೂ ಅದೇ ಮರಳು ಬಾವಿಗೆ ಸಾಗಿಸುತ್ತದೆ. ಗುಂಡಿಗೂ ಬಾವಿಗೂ 50 ಅಡಿಯ ಅಂತರವಿರಬೇಕೆಂದು ಆರೋಗ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ನಮ್ಮ ಇಕ್ಕಟ್ಟಾದ ಓಣಿಗಳಲ್ಲಿ 50 ಅಡಿಯನ್ನು ಎಲ್ಲಿಂದ ತರೋಣ? ತಿಳಿಯಾದ ನೀರೆಲ್ಲ ಶುದ್ಧವಾದ ನೀರಲ್ಲ.

ಸಕ್ಕರಿನ ತರುವಾಯ ಸೂರತ್, ಪುಣೆ ಎಂದು ಅವರ ಸೇವೆ ಮುಂದುವರಿಯಿತು. ಪುಣೆಗೆ ನೀರುಣಿಸುತ್ತಿದ್ದ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ಕಲ್ಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ಆಮೇಲೆ ಮುಂಬಯಿ ಸರಕಾರದ ನೈರ್ಮಲ್ಯ ಎಂಜಿನಿಯರರಾದರು. ಈ ಹುದ್ದೆಯಲ್ಲಿ ಕುಡಿಯುವ ನೀರೂ ಚರಂಡಿಯೂ ಒಬ್ಬನೇ ಅಧಿಕಾರಿಯ ಕೈಯಲ್ಲಿದ್ದುದನ್ನು ವಾಚಕರು ಗಮನಿಸಬೇಕು; ಒಂದು ಕೆಟ್ಟರೆ ಇನ್ನೊಂದು ಕೆಟ್ಟಂತೆಯೇ. 1906ರಲ್ಲಿ ಏಡನ್ ಬಂದರಿಗೆ ಹೋಗಿ ಈ ಎರಡರ ಬಗ್ಗೆಯೂ ಸಲಹೆಯಿತ್ತರು. 1908ರಲ್ಲಿ ಮೂಸಿ ನದಿಯ ಪ್ರವಾಹವು ಹೈದರಾಬಾದನ್ನು ಹಾಳುಗೆಡವಿದ ಮೇಲೆ ನಿಜಾಮರ ಆಹ್ವಾನದ ಮೇರೆಗೆ ಅಲ್ಲಿಗೆ ಹೋಗಿ, ನೆರೆಯನ್ನು ತಡೆಯುವ ಜಲಾಶಯಗಳ ಯೋಜನೆಯ ಜೊತೆಗೆ ನಗರದ ಚರಂಡಿಯ ಯೋಜನೆಯನ್ನೂ ಕೊಟ್ಟರು. ಹಾಗೆ ಹುಟ್ಟಿದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಮುಂದೆ ಆ ನಗರದ ಬಾಯಾರಿಕೆಯನ್ನೂ ತಣಿಸಿದವು. ಅವುಗಳ ಸುತ್ತ ಕಾರ್ಖಾನೆಗಳು ತಲೆಯೆತ್ತದಂತೆ 1996ರಲ್ಲಿ ಸರಕಾರ ಪ್ರತ್ಯೇಕ ಆಜ್ಞೆಯನ್ನೇ ಹೊರಡಿಸಬೇಕಾಯಿತು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ, 1912ರಿಂದ 1918ರವರೆಗೆ ದಿವಾನರಾಗಿ ಅವರು ಮಾಡಿದುದೆಲ್ಲ ಸರ್ವವಿದಿತ. ಅದರಲ್ಲಿ ಒಂದನ್ನು ಮಾತ್ರ ಇಲ್ಲಿ ಹೇಳುತ್ತೇವೆ. 1914ರ ಸುಮಾರಿಗೆ ಹಳ್ಳಿಗಳಲ್ಲಿ ಗ್ರಾಮಾಭಿವೃದ್ಧಿ ಸಮಿತಿಗಳನ್ನು ಏರ್ಪಡಿಸಿ, ಊರ ನೈರ್ಮಲ್ಯಕ್ಕೂ ಬಾವಿಕೆರೆಗಳ ದುರಸ್ತಿಗೂ ವಾರದಲ್ಲಿ ಅರ್ಧ ದಿನ ಊರವರೇ ದುಡಿಯಬೇಕೆಂಬ ಪದ್ಧತಿಯನ್ನು ಜಾರಿಗೆ ತಂದರು. ಎಂಜಿನಿಯರನು ಬಾವಿಯನ್ನು ತೋಡಿಸಿ ಹೊರಟುಹೋಗುತ್ತಾನೆ. ಅದರ ಕಟ್ಟೆಯ ಮೇಲೆ ಬಟ್ಟೆ ಒಗೆಯದಿರುವುದು ಊರವರ ಕೆಲಸ.

ಮೈಸೂರಿನಲ್ಲಿ ಹೀಗೆ ನಡೆಯುತ್ತಿದ್ದ ಕಾಲದಲ್ಲೇ ಕೊಚ್ಚಿ ಸೀಮೆಗೂ ಕೊಳಾಯಿ ನೀರು ಬಂತು. ಅದಕ್ಕೆ ಮೊದಲು ಇಲ್ಲಿಗೆ ಸಿಹಿನೀರು ಬರುತ್ತಿದ್ದುದು ಆಲುವೆಯ ಪೆರಿಯಾರ್ ನದಿಯಿಂದ, ದೋಣಿಗಳಲ್ಲಿ. 1914ರಲ್ಲಿ ಚೊವ್ವರದಿಂದ ಎರ್ನಾಕುಳಂ ಮಟ್ಟಂಚೇರಿಗಳಿಗೆ ನಳಗಳ ಮೂಲಕ ನೀರು ಹರಿಯಿತು. ಇಂದಿಗೂ ಕೊಚ್ಚಿ ಸೀಮೆಗೆ ಪೆರಿಯಾರಿನ ನೀರು ಬರುತ್ತಿದೆ. ಅದೇ ಪೆರಿಯಾರಿನ ಕೆಳಭಾಗದಲ್ಲಿ, ಏಲೂರಿನ ಕಾರ್ಖಾನೆಗಳ ಬಳಿ, 2024ರ ಮೇ ತಿಂಗಳಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದುದನ್ನು ನಮ್ಮ ವಾಚಕರು ಮರೆತಿರಲಾರರು. ಅದೇ ದಿನಗಳಲ್ಲಿ ಇದೇ ಜಿಲ್ಲೆಯ ವೆಂಗೂರಿನಲ್ಲಿ ಕೊಳಾಯಿ ನೀರಿನ ಮೂಲಕ ಕಾಮಾಲೆ ಹರಡಿ, ಇನ್ನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಪ್ರಾಣಹಾನಿಯೂ ಆಯಿತು.

ಇತರರ ತಪ್ಪನ್ನು ಹೇಳುವ ಮುನ್ನ ನಮ್ಮ ತಪ್ಪನ್ನು ಹೇಳುವುದು ಯೋಗ್ಯ. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ, ಇಲ್ಲಿಯ ರೂಢಿಯಂತೆ ಪದಿಮುಗದ ಚಕ್ಕೆ ಹಾಕಿ ಕುದಿಸಿದ ನಸುಗೆಂಪು ನೀರನ್ನೇ ಗಿರಾಕಿಗಳಿಗೆ ಕೊಡುತ್ತಿದ್ದೆವು. ಮಧ್ಯಾಹ್ನದ ಊಟದ ಹೊತ್ತಿಗೆ ನೀರು ಬಾಯಿ ಸುಡುತ್ತದೆಂದು ಗಿರಾಕಿಗಳು ಗೊಣಗುವರು; ಅಡಿಗೆಯ ಭಟ್ಟರು ನಲ್ಲಿಯ ತಣ್ಣೀರನ್ನು ಎರಡು ಕೊಡ ಹಂಡೆಗೆ ಸುರಿಯುವರು. ಗಲ್ಲಾದಲ್ಲಿ ಕುಳಿತ ನಾವು ಅದನ್ನು ನೋಡಿಯೂ ಸುಮ್ಮನಿದ್ದೆವು. ನೀರಿನ ಬಣ್ಣ ಕೆಂಪಾಗಿಯೇ ಉಳಿಯುತ್ತಿತ್ತಾದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಒಂದು ಬೇಸಗೆಯಲ್ಲಿ ನಮ್ಮ ಕೆಲಸದವರಲ್ಲಿ ಮೂವರಿಗೆ ಕಾಮಾಲೆಯಾಯಿತು. ಈ ರೋಗವು ಕ್ರಿಮಿ ಹೊಟ್ಟೆ ಸೇರಿದ ಸುಮಾರು ಒಂದು ತಿಂಗಳ ಮೇಲೆ ಕಾಣಿಸಿಕೊಳ್ಳುವುದರಿಂದ, ಯಾವ ದಿನದ ನೀರೆಂದು ಹುಡುಕುವುದೂ ಸಾಧ್ಯವಾಗಲಿಲ್ಲ. ಕುಂದಾಪುರದ ಕಡೆಯ ಹುಡುಗನೊಬ್ಬನು ಎರಡು ತಿಂಗಳು ಮಲಗಿದನು. ಅವನ ತಾಯಿಗೆ ತಪ್ಪದೆ ಹೋಗುತ್ತಿದ್ದ ಹಣ ಆ ಎರಡು ತಿಂಗಳು ಹೋಗಲಿಲ್ಲ. ಅಂದಿನಿಂದ ರಾತ್ರಿಯೇ ಕುದಿಸಿ, ಮುಚ್ಚಿ, ಬೆಳಿಗ್ಗೆಯವರೆಗೆ ತಣಿಯಲು ಬಿಡುವುದೆಂದು ಗೊತ್ತುಮಾಡಿದೆವು. ಹಂಡೆಗೆ ಮುಚ್ಚಳವನ್ನೂ ಕೆಳಗೊಂದು ನಲ್ಲಿಯನ್ನೂ ಹಾಕಿಸಿದೆವು. ಖರ್ಚು ಹೆಚ್ಚೇನೂ ಆಗಲಿಲ್ಲ.

ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು. 1960ರಲ್ಲಿ ಅವರು ಬದುಕಿರುವಾಗಲೇ ದೇಶವು ಅವರ ಜನ್ಮಶತಾಬ್ದಿಯನ್ನು ಆಚರಿಸಿತು. 1962ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ. ಊರಿಗೆ ಹೋಗುವಾಗ ಬೆಂಗಳೂರಿನಲ್ಲಿ ಒಂದು ದಿನ ಇಳಿದುಕೊಳ್ಳುವವರು ನಂದಿಬೆಟ್ಟದ ಸಮೀಪದ ಆ ಗ್ರಾಮಕ್ಕೂ ಹೋಗಿಬರಬಹುದು.