ರೇಸ್ ಕಾರಿನ ಜಾರೋ ಚಕ್ರಕ್ಕೆ ಮದ್ದು ಹುಡುಕಿಸಿದ ಪೋರ್ಷೆ

ಕೆಸರಲ್ಲಿ ಟ್ರ್ಯಾಕ್ಟರ್ ಹೂತರೆ ಒಂದು ಚಕ್ರ ಗಿರಗಿರ ಸುತ್ತುತ್ತೆ, ಇನ್ನೊಂದು ಸುಮ್ಮನೆ ನಿಂತಿರುತ್ತೆ. ಆಗ ಡ್ರೈವರ್ ಡಿಫರೆನ್ಷಿಯಲ್ ಲಾಕ್ ತುಳಿತಾನೆ. ಇದೇ ತಾಪತ್ರಯ ಗಂಟೆಗೆ 160 ಕಿ.ಮೀ. ವೇಗದಲ್ಲಿ ಓಡೋ ರೇಸ್ ಕಾರಿಗೂ ಬಂದಿತ್ತು. ಅದಕ್ಕೆ ಪರಿಹಾರ ಹುಡುಕಿಸಿದವರು ಫರ್ಡಿನಾಂಡ್ ಪೋರ್ಷೆ.

1875ರ ಸೆಪ್ಟೆಂಬರ್ 3ರಂದು ಈಗಿನ ಜೆಕ್ ಗಣರಾಜ್ಯದ ಒಂದು ಊರಲ್ಲಿ ಹುಟ್ಟಿದ ಪೋರ್ಷೆ ತಗಡು ಕೆಲಸಗಾರರ ಮಗ. ಇಂಜಿನಿಯರಿಂಗ್ ಡಿಗ್ರಿ ಮಾಡಲಿಲ್ಲ. ವಿಯೆನ್ನಾದಲ್ಲಿ ಕೆಲಸ ಮಾಡ್ತಾನೇ ತಾಂತ್ರಿಕ ಕಾಲೇಜಿಗೆ ಕದ್ದು ಹೋಗಿ ಪಾಠ ಕೇಳುತ್ತಿದ್ದರು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅವರ ಎಲೆಕ್ಟ್ರಿಕ್ ಕಾರು ಹೆಸರು ಮಾಡಿತು. ಅದರ ಮೋಟಾರ್ ಚಕ್ರದೊಳಗೇ ಇತ್ತು. 1931ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸ್ವಂತ ಡಿಸೈನ್ ಆಫೀಸ್ ತೆರೆದರು.

ಆಟೋ ಯೂನಿಯನ್ ಕಂಪನಿಗೆ ಅವರು ಡಿಸೈನ್ ಮಾಡಿದ ರೇಸ್ ಕಾರು 1934ರಲ್ಲಿ ಟ್ರ್ಯಾಕ್‌ಗೆ ಇಳಿಯಿತು. 16 ಸಿಲಿಂಡರ್, 295 ಅಶ್ವಶಕ್ತಿ, ಎಂಜಿನ್ ಡ್ರೈವರ್ ಬೆನ್ನ ಹಿಂದೆ. ತಿರುವಿನಲ್ಲಿ ಒಳಗಡೆ ಚಕ್ರದ ಮೇಲೆ ಭಾರ ಕಮ್ಮಿಯಾಗಿ ಅದು ಜಾರಿ ಸುತ್ತುತ್ತಿತ್ತು. ಹಿಡಿತ ಇದ್ದ ಹೊರಗಿನ ಚಕ್ರಕ್ಕೆ ಬೇಕಾದಷ್ಟು ಶಕ್ತಿ ಸಿಗುತ್ತಿರಲಿಲ್ಲ.

ಎರಡೂ ಚಕ್ರ ಒಟ್ಟಿಗೇ ಲಾಕ್ ಮಾಡೋಣ ಅಂದ್ರೆ ಅದೂ ಆಗಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು. ಲಾಕ್ ಆಗಿದ್ರೆ ಕಾರು ತಿರುಗೋ ಬದಲು ನೇರಕ್ಕೆ ಎಳೆಯುತ್ತೆ. ಹಾಗಾಗಿ ಪೋರ್ಷೆ ನಡುವಿನ ದಾರಿ ಆರಿಸಿಕೊಂಡರು. 1935ರಲ್ಲಿ ಝಡ್‌ಎಫ್ ಕಂಪನಿಗೆ ಕೆಲಸ ವಹಿಸಿದರು. ಅವರು ಜಾರುವ ಪಿನ್ನು, ಕ್ಯಾಮ್ ಇಟ್ಟು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಮಾಡಿಕೊಟ್ಟರು. ತಿರುವಿಗೆ ಬೇಕಾದಷ್ಟು ವ್ಯತ್ಯಾಸ ಅದು ಬಿಡುತ್ತೆ. ಒಂದೇ ಚಕ್ರ ಅತಿಯಾಗಿ ಸುತ್ತಲು ಹೋದ್ರೆ ಒಳಗಿನ ಘರ್ಷಣೆಯೇ ತಡೆದು, ಇನ್ನೊಂದಕ್ಕೆ ಹೆಚ್ಚು ಶಕ್ತಿ ಕೊಡುತ್ತೆ. 1936ರಲ್ಲಿ ಆಟೋ ಯೂನಿಯನ್ ಕಾರು ಓಡಿಸಿದ ಬೆರ್ಂಡ್ ರೋಸ್‌ಮೇಯರ್ ಯುರೋಪಿಯನ್ ಚಾಂಪಿಯನ್ ಆದರು.

ಈ ಸಾಧನೆಗೆ ಕಪ್ಪು ಮುಖವೂ ಇದೆ. ಆ ರೇಸ್‌ಗಳಿಗೆ ಹಿಟ್ಲರ್ ಸರ್ಕಾರದ ದುಡ್ಡು ಬರುತ್ತಿತ್ತು. ಪೋರ್ಷೆ ನಾಜಿ ಪಕ್ಷ ಸೇರಿದರು. ಜನಸಾಮಾನ್ಯರ ಕಾರಿಗೆಂದು ಕಟ್ಟಿದ ಫೋಕ್ಸ್‌ವ್ಯಾಗನ್ ಫ್ಯಾಕ್ಟರಿಯ ಹೊಣೆಯೂ ಅವರ ಮೇಲಿತ್ತು. ಯುದ್ಧದ ಟೈಮಲ್ಲಿ ಅಲ್ಲಿ ಸೆರೆಯಾಳುಗಳನ್ನು ಬಲವಂತವಾಗಿ ದುಡಿಸಲಾಯಿತು. 1945ರ ಕೊನೆಗೆ ಫ್ರಾನ್ಸ್ ಅವರನ್ನು ಬಂಧಿಸಿತು. ವಿಚಾರಣೆಯೇ ನಡೆಯದೆ 1947ರಲ್ಲಿ ಜೈಲಿನಿಂದ ಹೊರಬಂದರು.

ಮರುವರ್ಷ ಮಗ ಫೆರಿ ಮುಂದಾಳತ್ವದಲ್ಲಿ ಪೋರ್ಷೆ 356 ಸ್ಪೋರ್ಟ್ಸ್ ಕಾರು ಬಂತು. 1951ರ ಜನವರಿ 30ರಂದು ಫರ್ಡಿನಾಂಡ್ ಪೋರ್ಷೆ ತೀರಿಕೊಂಡರು. ಚಕ್ರವನ್ನು ಎಷ್ಟು ಬಿಡಬೇಕು, ಎಷ್ಟು ತಡೀಬೇಕು? ಸ್ಪೋರ್ಟ್ಸ್ ಕಾರಿಗೆ ಡಿಫರೆನ್ಷಿಯಲ್ ಆರಿಸೋರು ಇವತ್ತಿಗೂ ಲೆಕ್ಕ ಹಾಕೋದು ಇದನ್ನೇ.